ಅಕ್ಕೋರು ಓದುತ್ತಿದ್ದ ವರ್ಷ

ಸರೋಜಾ ಭಟ್ಕಳದವಳು. ಹದಿನಾರಕ್ಕೆ ಮದುವೆಯಾಯಿತು, ಹದಿನೆಂಟಕ್ಕೆ ಗಂಡ ಕೆಲಸ ಹುಡುಕಿಕೊಂಡು ಮುಂಬಯಿಗೆ ಹೋದ. ಮೊದಮೊದಲು ತಿಂಗಳಿಗೊಂದು ಕಾಗದ ಬರುತ್ತಿತ್ತು. ಆಮೇಲೆ ಹಬ್ಬಕ್ಕೊಂದು. ಕೊನೆಗೆ ಬಂದದ್ದು ಅವನಿಗೆ ಅಲ್ಲಿ ಬೇರೆ ಸಂಸಾರವಾಗಿದೆ ಎಂಬ ಸುದ್ದಿ, ಅದೂ ಮೂರನೆಯವರ ಬಾಯಿಂದ. ಅಣ್ಣ ರಮಾನಂದನಿಗೆ ಪೇಟೆಯಲ್ಲಿ ಅರಿವೆ ಅಂಗಡಿ. ಅವನು ತಂಗಿಯ ಮುಂದೆ ಆ ಮಾತನ್ನು ಎರಡನೆಯ ಸಲ ಎತ್ತಲಿಲ್ಲ. ಮನೆಯಲ್ಲೇ ಓದಿಸಿ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಕೂರಿಸಿದ, ಧಾರವಾಡಕ್ಕೆ ಟ್ರೇನಿಂಗಿಗೆ ಕಳಿಸಿದ. ಹೀಗೆ ಇಪ್ಪತ್ತೆರಡನೆಯ ವಯಸ್ಸಿಗೆ ಅವಳು ಹೊನ್ನಾವರದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಅಕ್ಕೋರಾದಳು. ಆ ಕಡೆ ಪಾಠ ಹೇಳುವ ಹೆಂಗಸನ್ನು ಮಕ್ಕಳು ಅಕ್ಕೋರು ಎಂದೇ ಕರೆಯುವುದು.

ಒಳ್ಳೆಯ ಅಕ್ಕೋರು ಎಂದು ಹೆಸರು ಬಂತು. ಬರಲು ಕಾರಣವೂ ಇತ್ತು. ಮಳೆಗಾಲದಲ್ಲಿ ಮಕ್ಕಳು ಬರದಿದ್ದರೆ ಕೊಡೆ ಹಿಡಿದು ಕೇರಿಗೆ ಹೋಗಿ ಕರೆದು ತರುತ್ತಿದ್ದಳು. ಲೆಕ್ಕ ತಿಳಿಯದ ಹುಡುಗಿಗೆ ಹುಣಸೆಬೀಜ ಹರಡಿ, ಅದು ತಿಳಿಯದಿದ್ದರೆ ಅಂಗಳದ ಹೊಯಿಗೆಯಲ್ಲಿ ಗೆರೆ ಎಳೆದು ತೋರಿಸುತ್ತಿದ್ದಳು. ಹೆಡ್‌ಮಾಸ್ತರರು ಮಹಾಗಣಪತಿ ಭಟ್ಟರು. ಪೆನ್ಶನ್ನಿಗೆ ಹತ್ತಿರವಾದ, ಮೆತ್ತಗಿನ ಮನುಷ್ಯ. ಅವಳ ಕೋಣೆಯ ಮುಂದೆ ಹಾದು ಹೋಗುವಾಗ ಒಳಗೆ ಇಣುಕುವುದನ್ನೂ ಅವರು ಬಿಟ್ಟುಬಿಟ್ಟಿದ್ದರು.

೧೯೪೧ರ ಜನವರಿಯಲ್ಲಿ ಒಬ್ಬರು ಲೇಡಿ ಡಾಕ್ಟರು ಶಾಲೆಯ ಮಕ್ಕಳ ಕಣ್ಣು, ಗಂಟಲು, ಚರ್ಮ ನೋಡಲು ಬಂದರು. ಎರಡು ದಿನದ ಕೆಲಸ. ಜೊತೆಗೆ ಬರಬೇಕಿದ್ದ ನರ್ಸಿಗೆ ಜ್ವರ ಬಂದದ್ದರಿಂದ ಸರೋಜಾಳೇ ಪಕ್ಕದಲ್ಲಿ ನಿಲ್ಲಬೇಕಾಯಿತು. ನಾಲಿಗೆ ಒತ್ತಿ ಹಿಡಿದಳು, ಕಜ್ಜಿಯ ಕೀವು ಒರೆಸಿದಳು, ಅಳುವ ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಂಡಳು. ಎರಡನೆಯ ದಿನ ಮಧ್ಯಾಹ್ನ ಡಾಕ್ಟರು ಒಬ್ಬ ಹುಡುಗಿಯನ್ನು ಅವಳ ಮುಂದೆ ನಿಲ್ಲಿಸಿ, "ನೀವೇ ನೋಡಿ ಹೇಳಿ" ಎಂದರು. ಸರೋಜಾ ಕಣ್ಣಿನ ರೆಪ್ಪೆ ಮಗುಚಿ ನೋಡಿ, ಒಳಗಿನ ಕೆಂಪು ಕಾಳುಗಳನ್ನು ತೋರಿಸಿದಳು.

"ಕೈ ಚೆನ್ನಾಗಿದೆ ನಿಮ್ಮದು, ಕಣ್ಣೂ ಚೆನ್ನಾಗಿದೆ. ಎಷ್ಟು ಓದಿದ್ದೀರಿ?"

"ಮುಲ್ಕಿ, ಆಮೇಲೆ ಟ್ರೇನಿಂಗ್."

"ಅಯ್ಯೋ," ಎಂದರು ಡಾಕ್ಟರು.

ಮ್ಯಾಟ್ರಿಕ್ ಆಗಿದ್ದರೆ, ಅದರಲ್ಲಿ ಇಂಗ್ಲಿಷು, ಗಣಿತ, ಸೈನ್ಸು ಚೆನ್ನಾಗಿ ಪಾಸಾಗಿದ್ದರೆ, ಪುಣೆಯ ವೈದ್ಯಕೀಯ ಶಾಲೆಯೊಂದಕ್ಕೆ ತಾನೇ ಶಿಫಾರಸು ಬರೆಯುತ್ತಿದ್ದೆ ಎಂದು ಅವರು ಕೈ ತೊಳೆಯುತ್ತ ಹೇಳಿದರು. ಹೇಳಿ ಬಸ್ಸು ಹತ್ತಿ ಹೋದರು. ಅವರ ಮಟ್ಟಿಗೆ ಅದು ಅಲ್ಲಿಗೇ ಮುಗಿದ ಮಾತು. ಸರೋಜಾಳಿಗೆ ಮಾತ್ರ ಆ "ಅಯ್ಯೋ" ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳಿನ ಹಾಗೆ ಕೂತುಬಿಟ್ಟಿತು. ಗಂಡ ಬಿಟ್ಟವಳು ಎಂದು ಜನ ಹಿಂದಿನಿಂದ ಹೇಳುವುದು ಅವಳಿಗೆ ಗೊತ್ತಿತ್ತು. ಡಾಕ್ಟರಾದರೆ ಹಾಗೆ ಹೇಳುವವರು ಯಾರು? ಬಾಣಂತಿಯರ ಕಷ್ಟ, ಊರಿಗೆ ಹೆಣ್ಣು ಡಾಕ್ಟರಿಲ್ಲದ ಕಷ್ಟ, ಎಲ್ಲವನ್ನೂ ಅವಳು ಆಮೇಲೆ ಅಣ್ಣನಿಗೆ ಬರೆದ ಕಾಗದದಲ್ಲಿ ವಿವರಿಸಿದಳು. ಆದರೆ ಮೊದಲು ಬಂದ ಯೋಚನೆ ತನ್ನ ಹೆಸರಿನದೇ ಆಗಿತ್ತು. ಮುಂದೆ ಎಷ್ಟೋ ವರ್ಷ ಅದನ್ನು ನೆನೆದಾಗಲೆಲ್ಲ ಅವಳಿಗೆ ಒಬ್ಬಳೇ ಇದ್ದರೂ ತಲೆ ತಗ್ಗುತ್ತಿತ್ತು.

ರಮಾನಂದ ಬೇಡ ಅನ್ನಲಿಲ್ಲ. "ನೌಕರಿ ಬಿಡಬೇಡ, ಅಷ್ಟೆ. ಇದ್ದದ್ದನ್ನ ಹಿಡಕೊಂಡು ಓದು" ಎಂದು ಬರೆದ. ಖಾಸಗಿಯಾಗಿ ಪರೀಕ್ಷೆಗೆ ಕೂರಲು ಶಿಕ್ಷಕರಿಗೆ ಅವಕಾಶವಿತ್ತು. ಕುಮಟೆಯಲ್ಲಿ ವೆಂಕ್ಟ್ರಮಣ ಮಾಸ್ತರರೆಂದು ನಿವೃತ್ತ ಸೈನ್ಸ್ ಮಾಸ್ತರರಿದ್ದರು. ಅವರು ಭಾನುವಾರ ಬಂದರೆ ಹೇಳಿಕೊಡುತ್ತೇನೆ ಎಂದರು. ಹೀಗೆ ಎರಡು ವರ್ಷ, ಪ್ರತಿ ಭಾನುವಾರ ಬೆಳಿಗ್ಗೆ ಸರೋಜಾ ಕುಮಟೆಯ ಬಸ್ಸಿಗೆ ನಿಂತಳು. ಯುದ್ಧಕಾಲ, ಪೆಟ್ರೋಲಿಲ್ಲ. ಬಸ್ಸಿನ ಹಿಂದೆ ಇದ್ದಿಲಿನ ಒಲೆ ಕಟ್ಟಿ ಅದರ ಹೊಗೆಯಿಂದ ಓಡಿಸುತ್ತಿದ್ದರು. ಏರು ಬಂದರೆ ಜನರೆಲ್ಲ ಇಳಿದು ನಡೆಯಬೇಕು. ಮಾಸ್ತರರ ಜಗುಲಿ ಮುಟ್ಟುವಾಗ ಅವಳ ಸೆರಗು, ಮೂಗು ಎಲ್ಲ ಮಸಿ. ಅವರು ನೀರು ಕೊಟ್ಟು, ಅವಳು ಮುಖ ತೊಳೆಯುವಷ್ಟರಲ್ಲೇ ಪಾಠ ಶುರು ಮಾಡುತ್ತಿದ್ದರು. ಆಮ್ಲ, ಕ್ಷಾರ, ಬೆಳಕು ಮುರಿಯುವ ಬಗೆ, ಹೃದಯದ ನಾಲ್ಕು ಕೋಣೆ. ಗಾಜಿನ ನಳಿಗೆ ಇಲ್ಲದ್ದಕ್ಕೆ ಔಷಧಿಯ ಖಾಲಿ ಶೀಶೆಯಲ್ಲೇ ಸುಣ್ಣದ ತಿಳಿನೀರಿಟ್ಟು, ಊದಿಸಿ, ಅದು ಹಾಲಿನ ಹಾಗೆ ಬೆಳ್ಳಗಾಗುವುದನ್ನು ತೋರಿಸಿದರು. ಅಂದು ಸರೋಜಾ ಚಿಕ್ಕ ಹುಡುಗಿಯ ಹಾಗೆ ನಕ್ಕಿದ್ದಳು.

ಮೊದಲ ವರ್ಷ ಹೇಗೋ ಸಾಗಿತು. ಎರಡನೆಯ ವರ್ಷ ಸೀಮೆಎಣ್ಣೆ ಸಿಗುವುದು ಕಷ್ಟವಾಯಿತು. ಕತ್ತಲಾದ ಮೇಲೆ ಪುಸ್ತಕ ಬಿಚ್ಚುವ ಹಾಗಿಲ್ಲ. ಬೆಳಿಗ್ಗೆ ನೀರು, ಅಡಿಗೆ; ಹತ್ತೂವರೆಗೆ ಶಾಲೆ; ಐದಕ್ಕೆ ಬಿಟ್ಟರೆ ಹಗಲಿನಲ್ಲಿ ಉಳಿಯುವುದೇ ಒಂದು ತಾಸು. ಅದರಲ್ಲಿ ಇಂಗ್ಲಿಷನ್ನು ಓದುವುದೋ, ಬೀಜಗಣಿತ ಮಾಡುವುದೋ? ಅವಳು ದಿನವನ್ನು ಹಿಂಡಿ ನೋಡಿದಳು. ಬೆಳಕಿರುವ ಹೊತ್ತೆಲ್ಲ ಶಾಲೆಯಲ್ಲೇ ಇತ್ತು.

ಹೊಲಿಗೆಯ ತಾಸಿನಿಂದ ಅದು ಶುರುವಾಯಿತು. ಹುಡುಗಿಯರು ತಲೆ ತಗ್ಗಿಸಿ ಹೊಲಿಯುವಾಗ ಅಕ್ಕೋರು ಕುರ್ಚಿಯಲ್ಲಿ ಕೂತು ಓದಿದರೆ ಯಾರಿಗೇನು ನಷ್ಟ? ಅದಾದ ಮೇಲೆ ಶುದ್ಧಬರಹದ ತಾಸು. ಅಲ್ಲೂ ಮಕ್ಕಳು ನೋಡಿ ಬರೆಯುವುದಷ್ಟೆ. ದೀಪಾವಳಿ ಕಳೆಯುವಷ್ಟರಲ್ಲಿ ಅವಳ ಹಾಜರಿ ಪುಸ್ತಕದ ನಡುವೆ ಸದಾ ಒಂದು ಸೈನ್ಸ್ ಪುಸ್ತಕ ಇರುತ್ತಿತ್ತು, ಮತ್ತು ಲೆಕ್ಕದ ತಾಸೂ ಅದರೊಳಗೆ ಹೋಗಿತ್ತು.

ಅವಳ ಕೋಣೆಯಲ್ಲಿ ಐದರಿಂದ ಏಳನೆಯ ಇಯತ್ತೆಯವರೆಗೆ ಮೂರು ವರ್ಗ ಒಟ್ಟಿಗೆ ಕೂರುತ್ತಿದ್ದವು. ಏಳನೆಯದರಲ್ಲಿ ಐದೇ ಹುಡುಗಿಯರು. ಅವರಲ್ಲಿ ಗಂಗಿ ಹದಿನೈದರವಳು. ಅವಳ ಅಪ್ಪ ಬೀರ ಶರಾವತಿಯ ಅಳಿವೆಯಲ್ಲಿ ದೋಣಿ ಹಾಕುವ ಮೀನುಗಾರ. ಅವರ ಕೇರಿಯಿಂದ ಏಳರವರೆಗೆ ಬಂದ ಮೊದಲ ಹುಡುಗಿ ಗಂಗಿಯೇ. ಮುಲ್ಕಿ ಪಾಸಾದರೆ ಟ್ರೇನಿಂಗಿಗೆ ಕಳಿಸುತ್ತೇನೆ, ಇಲ್ಲದಿದ್ದರೆ ಮದುವೆ ಎಂದು ಬೀರ ಹೇಳಿಬಿಟ್ಟಿದ್ದ. ಇದು ಇಡೀ ಶಾಲೆಗೆ ಗೊತ್ತಿತ್ತು.

ಒಂದು ದಿನ ಐದನೆಯ ಇಯತ್ತೆಯ ಮಕ್ಕಳು ಗಲಾಟೆ ಮಾಡಿದಾಗ ಸರೋಜಾ ಪುಸ್ತಕದಿಂದ ತಲೆ ಎತ್ತದೆ, "ಗಂಗಿ, ಇವಕ್ಕೆ ಸ್ವಲ್ಪ ಭಾಗಾಕಾರ ಹೇಳಿಕೊಡು ನೋಡುವಾ" ಎಂದಳು. ಗಂಗಿ ಎದ್ದು ಹಲಗೆಯ ಮುಂದೆ ನಿಂತಳು. ಹುಟ್ಟಿನಿಂದ ಅದೇ ಕೆಲಸ ಮಾಡಿದವಳ ಹಾಗೆ, ಸರೋಜಾಳದೇ ದನಿ, ಸರೋಜಾಳದೇ ಕೈ ಬೀಸು. ಮಕ್ಕಳು ತೆಪ್ಪಗಾದವು. ಮರುದಿನವೂ ಗಂಗಿಯೇ ನಿಂತಳು. ಆಮೇಲೆ ದಿನವೂ. ಮಕ್ಕಳು ಅವಳನ್ನು ಸಣ್ಣ ಅಕ್ಕೋರು ಅನ್ನತೊಡಗಿದವು. ಅವಳು ಹಿಗ್ಗಿಹೋದಳು.

"ಅಕ್ಕೋರೆ, ನಮ್ಮ ಲೆಕ್ಕ ಯಾವಾಗ? ಕ್ಷೇತ್ರಫಲ ಇನ್ನೂ ಶುರುನೇ ಆಗ್ಲಿಲ್ಲ," ಎಂದು ಅವಳು ಎರಡು ಮೂರು ಸಲ ಕೇಳಿದ್ದುಂಟು.

"ಆತು, ಮುಂದಿನ ವಾರ," ಅನ್ನುತ್ತಿದ್ದಳು ಸರೋಜಾ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಆ ಕ್ಷಣಕ್ಕೆ ಅವಳೂ ಅದನ್ನು ನಂಬುತ್ತಿದ್ದಳು. ಒಮ್ಮೆ ಸಮಾಧಾನಕ್ಕೆಂದು, "ನಾನು ಡಾಕ್ಟರಾಗಿ ಇಲ್ಲಿಗೇ ಬರುತ್ತೇನೆ, ನಿಮ್ಮ ಕೇರಿಗೂ ಬರುತ್ತೇನೆ" ಅಂದಳು. ಗಂಗಿಯ ಕಣ್ಣು ಅರಳಿತು. ಅಂದಿನಿಂದ ಅವಳು ಕೇಳುವುದನ್ನೇ ಬಿಟ್ಟಳು. ಭಟ್ಟರು ಹೊರಗೆ ಹೆಜ್ಜೆ ಸಪ್ಪಳ ಮಾಡಿದರೆ ಮೆಲ್ಲಗೆ ಕೆಮ್ಮಿ ಸೂಚನೆ ಕೊಡುವುದನ್ನೂ ಕಲಿತಳು. ಅದನ್ನು ಸರೋಜಾ ಹೇಳಿಕೊಟ್ಟಿರಲಿಲ್ಲ. ಬೇಡ ಎಂದೂ ಹೇಳಲಿಲ್ಲ. ದಿನಚರಿಯ ಪುಸ್ತಕದಲ್ಲಿ ಮಾತ್ರ ಅವಳ ಸುಂದರ ಅಕ್ಷರದಲ್ಲಿ ತಪ್ಪದೆ ಬರೆದಿರುತ್ತಿತ್ತು: ಏಳನೆಯ ಇಯತ್ತೆ, ತ್ರೈರಾಶಿಕ, ಮುಗಿದಿದೆ. ಏಳನೆಯ ಇಯತ್ತೆ, ಕ್ಷೇತ್ರಫಲ, ಮುಗಿದಿದೆ.

೧೯೪೩ರ ಮಾರ್ಚಿನಲ್ಲಿ ಕಾರವಾರದಲ್ಲಿ ಮ್ಯಾಟ್ರಿಕ್ ಪರೀಕ್ಷೆ. ಏಪ್ರಿಲ್ ಮೊದಲಲ್ಲಿ ಹುಡುಗಿಯರ ಮುಲ್ಕಿ. ಹದಿನೈದು ದಿನ ರಜೆ ಬೇಕಾಗಿತ್ತು. ಪರೀಕ್ಷೆಗೆಂದೇ ಕೇಳಬಹುದಿತ್ತು, ಆದರೆ ಮುಲ್ಕಿ ಎದುರಿಗಿರುವಾಗ ಭಟ್ಟರು ಒಪ್ಪದಿದ್ದರೆ? ಭಟ್ಕಳದಲ್ಲಿ ತಾಯಿಗೆ ಸೌಖ್ಯವಿಲ್ಲ ಎಂದು ಬರೆದು ಕೊಟ್ಟಳು. ಭಟ್ಟರು ಅರ್ಜಿ ಓದಿ ಮೇಲೆದ್ದು ಮನೆಗೆ ಹೋದರು. ಹೋಗಿ, ಬಾಳೆಲೆಯಲ್ಲಿ ಕಟ್ಟಿದ ಬೇರು, ಚಕ್ಕೆಗಳ ಒಂದು ಪೊಟ್ಟಣ ತಂದು ಅವಳ ಕೈಗಿಟ್ಟರು.

"ಕಷಾಯ ಮಾಡಿ ಕೊಡಿ. ನಮ್ಮ ಅಮ್ಮಂಗೆ ಇದರಿಂದಲೇ ಗುಣ ಆದ್ದು."

ಅವಳು ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡಳು. ಬೇರೇನು ಮಾಡುವುದು? ಬಸ್ಸು ಎರಡು ಕಡೆ ಹೊಳೆಗೆ ತಾಗಿ ನಿಂತು, ತಾರಿದೋಣಿಯಲ್ಲಿ ದಾಟಿ, ಮತ್ತೆ ಬಸ್ಸು ಹತ್ತಿ ಕಾರವಾರ ಮುಟ್ಟುವವರೆಗೂ ಆ ಪೊಟ್ಟಣ ಅವಳ ಚೀಲದಲ್ಲಿ ಘಮಘಮಿಸುತ್ತಿತ್ತು. ಬಿಸಾಡಲು ಕೈ ಬರಲಿಲ್ಲ.

ಪರೀಕ್ಷೆ ಚೆನ್ನಾಗಿಯೇ ಆಯಿತು. ಹದಿನೇಳು ಹದಿನೆಂಟರ ಹುಡುಗರ ಸಾಲಿನಲ್ಲಿ ಇಪ್ಪತ್ತೊಂಬತ್ತರ ಹೆಂಗಸು ಒಬ್ಬಳೇ. ರಸಾಯನದ ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಎಲ್ಲವೂ ಬರುವ ಪ್ರಶ್ನೆಗಳೇ. ಆ ಮೂರು ತಾಸು ಅವಳಿಗೆ ಯಾರ ನೆನಪೂ ಬರಲಿಲ್ಲ.

ತಿರುಗಿ ಬಂದಾಗ ಮುಲ್ಕಿಗೆ ಹನ್ನೊಂದು ದಿನ ಉಳಿದಿತ್ತು. ಮೊದಲ ದಿನವೇ ಐದು ಹುಡುಗಿಯರನ್ನು ಮುಂದೆ ಕೂರಿಸಿಕೊಂಡು, ಒಂದು ಗದ್ದೆಯ ಉದ್ದ, ಅಗಲ ಹೇಳಿ ಅದರ ಕ್ಷೇತ್ರಫಲ ತೆಗೆಯಲು ಹೇಳಿದಳು. ಪೇಟೆಯ ವ್ಯಾಪಾರಿಯ ಮಗಳೊಬ್ಬಳು ಥಟ್ಟನೆ ಮಾಡಿ ತೋರಿಸಿದಳು, ಅವಳಿಗೆ ಮನೆಯಲ್ಲಿ ಮಾಸ್ತರರು ಬಂದು ಹೇಳಿಕೊಡುತ್ತಿದ್ದರು. ಸೀತೆ, ತಿಮ್ಮಿ, ಮಾಸ್ತಮ್ಮ ಪಾಟಿಯನ್ನೇ ನೋಡುತ್ತ ಕೂತರು. ಗಂಗಿ ಉದ್ದಕ್ಕೆ ಅಗಲವನ್ನು ಕೂಡಿಸಿ, ಕೆಳಗೆ ಗೆರೆ ಎಳೆದು, ಭರವಸೆಯಿಂದ ಪಾಟಿ ಎತ್ತಿ ಹಿಡಿದಳು.

ಸರೋಜಾ ಆ ಪಾಟಿ ನೋಡಿದಳು. ಐದನೆಯ ಇಯತ್ತೆಯ ಮಕ್ಕಳಿಗೆ ಹೇಳಿ ಹೇಳಿ ಗಂಗಿಗೆ ಐದನೆಯದರ ಲೆಕ್ಕ ಕರಗತವಾಗಿತ್ತು. ಏಳನೆಯದರದ್ದು ಅವಳಿಗೆ ಯಾರೂ ಹೇಳಿರಲೇ ಇಲ್ಲ. ಆ ಹನ್ನೊಂದು ದಿನ ಸರೋಜಾ ಬೆಳಿಗ್ಗೆ, ಸಂಜೆ, ಭಾನುವಾರ ಎನ್ನದೆ ಹೇಳಿಕೊಟ್ಟಳು. ಗಂಟಲು ಕಟ್ಟಿತು. ಒಂದು ವರ್ಷದ ಪಾಠ ಹನ್ನೊಂದು ದಿನಕ್ಕೆ ಇಳಿಯಲಿಲ್ಲ. ಇದರ ನಡುವೆ ಭಟ್ಟರು ದಿನಾ, "ಅಮ್ಮ ಹ್ಯಾಂಗಿದ್ದಾರೆ?" ಎಂದು ಕೇಳುತ್ತಿದ್ದರು, ಅವಳು ದಿನಾ, "ಈಗ ಅಡ್ಡಿಲ್ಲ" ಅನ್ನುತ್ತಿದ್ದಳು.

ಮೇ ಕೊನೆಗೆ ಮುಲ್ಕಿಯ ಫಲಿತಾಂಶ ಬಂತು. ವ್ಯಾಪಾರಿಯ ಮಗಳು ಪಾಸು. ಉಳಿದ ನಾಲ್ವರೂ ಲೆಕ್ಕದಲ್ಲಿ ನಪಾಸು. ಗಂಗಿಗೆ ನೂರಕ್ಕೆ ಹನ್ನೊಂದು. ಅದಾದ ಎಂಟು ದಿನಕ್ಕೆ ಮ್ಯಾಟ್ರಿಕ್ ಫಲಿತಾಂಶ. ಸರೋಜಾ ಎರಡನೆಯ ದರ್ಜೆಯಲ್ಲಿ ಪಾಸಾಗಿದ್ದಳು. ಲೇಡಿ ಡಾಕ್ಟರಿಗೆ ಕಾಗದ ಬರೆದಳು, ಅವರು ಮಾತಿಗೆ ತಪ್ಪದೆ ಶಿಫಾರಸು ಕಳಿಸಿದರು. ಪುಣೆಯಿಂದ ಸೀಟು ಕೊಟ್ಟಿರುವುದಾಗಿ ಪತ್ರವೂ ಬಂತು.

ಶಾಲೆ ತೆರೆದ ದಿನ ಭಟ್ಟರು ಅಂಗಳದಲ್ಲಿ ಮಕ್ಕಳನ್ನೆಲ್ಲ ನಿಲ್ಲಿಸಿ ಅವಳಿಗೆ ಅಬ್ಬಲಿಗೆಯ ಮಾಲೆ ಹಾಕಿಸಿದರು. ಶಾಲೆಯ ಕಸ ಗುಡಿಸುವ ಈರಮ್ಮ ಕಣ್ಣೊರೆಸಿಕೊಂಡಳು. ಐದನೆಯ ಇಯತ್ತೆಯ ಹುಡುಗಿಯರು ಆ ವರ್ಷ ಒಬ್ಬರೂ ಬಿಡದೆ ಪಾಸಾಗಿದ್ದರು. ತಪಾಸಣೆಗೆ ಬಂದಿದ್ದ ಸಾಹೇಬರು ಅದಕ್ಕಾಗಿ ಅಕ್ಕೋರನ್ನು ಹೊಗಳಿ ಬರೆದಿದ್ದರು. ಭಟ್ಟರು ಅದನ್ನೂ ಓದಿ ಹೇಳಿದರು. ಮಾಲೆಯ ದಾರ ಕುತ್ತಿಗೆಗೆ ತುರಿಸುತ್ತಿತ್ತು. ಆ ಮಕ್ಕಳಿಗೆ ಕಲಿಸಿದವಳು ಈ ಅಂಗಳದಲ್ಲಿ ಇಲ್ಲವಲ್ಲ ಎಂದು ಅವಳಿಗೆ ಅನ್ನಿಸಿತು.

ಆ ಶನಿವಾರ ಮಧ್ಯಾಹ್ನ, ಜಿಟಿಜಿಟಿ ಮಳೆಯಲ್ಲಿ, ಬೀರ ಅವಳ ಬಿಡಾರದ ಮೆಟ್ಟಿಲ ಹತ್ತಿರ ಬಂದು ನಿಂತ. ಕೈಯಲ್ಲಿ ಕೆಸುವಿನೆಲೆಯಲ್ಲಿ ಸುತ್ತಿದ ಸಿಗಡಿ. ಹಿಂದೆ ಮಳೆಗೆ ಕಂಬಳಿಕೊಪ್ಪೆ ಹೊದ್ದುಕೊಂಡ ಗಂಗಿ. ಬೈಯಲು ಬಂದ ಎಂದುಕೊಂಡ ಸರೋಜಾಳಿಗೆ ಒಂದು ರೀತಿಯಲ್ಲಿ ಹಗುರವೇ ಆಯಿತು. ಬೀರ ಬೈಯಲಿಲ್ಲ.

"ಅಕ್ಕೋರೆ, ನೀವು ದಾಕ್ಟ್ರ ಓದೂಕೆ ಹೋಗ್ತ್ರಿ ಅಂದ್ರು. ಬಾಳ ಖುಷಿ ಆತು. ಹೊಳಿ ಸಿಗಡಿ, ನಿಮಗೇ ಅಂತ ತಂದೆ." ಅವನು ಸಿಗಡಿಯನ್ನು ಮೆಟ್ಟಿಲ ಮೇಲಿಟ್ಟ. "ಮತ್ತೆ... ನಮ್ಮ ಹುಡಗಿದು ಮನಸಿಗೆ ಹಚ್ಕಬೇಡಿ. ಅದ್ರ ತಲಿಗೆ ತುಂಬ್ಸೂಕೆ ನೀವು ಎಷ್ಟ್ ಕಷ್ಟಪಟ್ರಿ. ನಮ್ಮನಿ ತಲಿಯೇ ಹಂಗೆ, ಎಂತ ಮಾಡೂಕಾಗ್ತದೆ. ನಿಮ್ಮ ಹೆಸರು ಕೆಡಸ್ತು."

ಅವನು ಕ್ಷಮೆ ಕೇಳುತ್ತಿದ್ದ. ತನ್ನ ಮಗಳ ಪರವಾಗಿ, ಸರೋಜಾಳ ಹತ್ತಿರ.

"ಮದಿ ಗೊತ್ತಾತು," ಎಂದು ಅವನೇ ಮುಂದುವರಿಸಿದ. "ಹೊಳಿ ಆಚಿಗೆ, ಕಾಸರಕೋಡ ಬದಿಗೆ. ಹುಡುಗ ಬೇಸಿದ್ದಾ."

"ಬೀರಾ," ಎಂದಳು ಸರೋಜಾ. "ತಪ್ಪು ಅವಳದ್ದಲ್ಲ. ನಾನು ಅವಳಿಗೆ ಕಲಿಸಲೇ ಇಲ್ಲ. ಶಾಲೆಯ ಹೊತ್ತಲ್ಲಿ ನಾನು ನನ್ನ ಪರೀಕ್ಷೆಗೆ ಓದಿದೆ. ಸಣ್ಣ ಮಕ್ಕಳನ್ನ ಅವಳ ಕೈಗೆ ಕೊಟ್ಟು ಓದಿದೆ."

ಬೀರ ನಕ್ಕ. "ನೀವು ದೊಡ್ಡವ್ರು. ನಮ್ಮ ಮನಸಿಗೆ ಬೇಜಾರಾಗಬಾರ್ದು ಅಂತ ಹಂಗೆ ಹೇಳ್ತ್ರಿ."

ಆಗ ಗಂಗಿ, ನೆಲ ನೋಡುತ್ತ, "ಅಪ್ಪಾ, ಅಕ್ಕೋರು ಹೇಳೂದು ಖರೆ" ಎಂದಳು.

ಬೀರನ ನಗೆ ಒಮ್ಮೆಲೇ ಹೋಗಲಿಲ್ಲ. ಮುಖದ ಮೇಲೆ ಸ್ವಲ್ಪ ಹೊತ್ತು ಉಳಿದು, ಆಮೇಲೆ ಅವನಿಗೇ ಅದು ಬೇಡವಾಯಿತು. ಮಗಳ ಕಡೆ ತಿರುಗಿದ. "ನಂಗೆ ಹೇಳ್ಲಿಲ್ಲ ಎಂತಕೆ?"

"ಅಕ್ಕೋರು ದಾಕ್ಟ್ರಾಗಿ ನಮ್ಮ ಕೇರಿಗೆ ಬರ್ತ್ರು ಅಂದಿದ್ರು."

ಮಳೆ ಮಾಡಿನಿಂದ ಸುರಿಯುತ್ತಿತ್ತು. "ಇನ್ನೊಂದು ವರ್ಷ ಕೊಡು," ಎಂದಳು ಸರೋಜಾ. "ನಾನೇ ಕೂತು ಕಲಿಸುತ್ತೇನೆ. ಮದುವೆ ಮುಂದೆ ಹಾಕು."

"ಮಾತು ಕೊಟ್ಟಾತು," ಎಂದ ಬೀರ. ಈ ಸಲ ಅವನು ಅಕ್ಕೋರೆ ಅನ್ನಲಿಲ್ಲ. ಸಿಗಡಿಯನ್ನು ವಾಪಸು ತೆಗೆದುಕೊಳ್ಳಲೂ ಇಲ್ಲ. ಹೆಗಲ ಮೇಲಿನ ಅರಿವೆ ಕೊಡವಿ, ಮಳೆಗೆ ಇಳಿದು ಹೋದ.

ಗಂಗಿ ನಿಂತೇ ಇದ್ದಳು. "ಬೇಜಾರ ಮಾಡ್ಕಬೇಡಿ ಅಕ್ಕೋರೆ. ಪಾಠ ಮಾಡೂದು ನಂಗೆ ಬಾಳ ಚಂದ ಆಗ್ತಿತ್ತು," ಎಂದಳು. ಹೋಗಲು ತಿರುಗಿದವಳು ಮತ್ತೆ ನಿಂತಳು. "ಸೀತೆ, ತಿಮ್ಮಿ, ಮಾಸ್ತಮ್ಮ ಮನಿಲೇ ಕೂತಿದ್ವು. ಅವಕ್ಕೆ ಇನ್ನೂ ಮದಿ ಗೊತ್ತಾಗ್ಲಿಲ್ಲ. ಅವಕ್ಕಾದ್ರೂ ಲೆಕ್ಕ ಹೇಳ್ಕೊಡಿ."

ಬೈದಿದ್ದರೆ ಸರೋಜಾ ಪುಣೆಗೆ ಹೋಗುತ್ತಿದ್ದಳೋ ಏನೋ. ಈ ಮಾತಿನ ಮೇಲೆ ಹೋಗಲಾಗಲಿಲ್ಲ. ಸೋಮವಾರ ಪುಣೆಗೆ ಪತ್ರ ಬರೆದಳು: ಒಂದು ವರ್ಷ ತಡವಾಗಿ ಸೇರಲು ಅವಕಾಶವಿದೆಯೇ? ಸೀಟು ಕಾದಿರಿಸಲಾಗುವುದಿಲ್ಲ, ಮುಂದಿನ ವರ್ಷ ಹೊಸದಾಗಿ ಅರ್ಜಿ ಹಾಕಬಹುದು ಎಂದು ಉತ್ತರ ಬಂತು. ಅವಳು ಶಾಲೆಯಲ್ಲೇ ಉಳಿದಳು. ಮೂವರ ಮನೆಗೂ ಹೋಗಿ ಕೇಳಿಕೊಂಡಳು. ಮಾಸ್ತಮ್ಮನನ್ನು ಅವಳ ಅಜ್ಜಿ ಬಿಡಲೇ ಇಲ್ಲ. ಸೀತೆ, ತಿಮ್ಮಿ ಬಂದರು. ಆ ವರ್ಷ ಹಾಜರಿ ಪುಸ್ತಕದಲ್ಲಿ ಹಾಜರಿಯ ಹೊರತು ಬೇರೆ ಏನೂ ಇರಲಿಲ್ಲ. ಮರುವರ್ಷದ ಏಪ್ರಿಲಿನಲ್ಲಿ ಇಬ್ಬರೂ ಪಾಸಾದರು. ತಿಮ್ಮಿ ಟ್ರೇನಿಂಗಿಗೆ ಹೋಗಿ ಮುಂದೆ ಹಿರೇಗುತ್ತಿಯ ಕಡೆ ಅಕ್ಕೋರಾದಳು.

ಸರೋಜಾ ಮತ್ತೆ ಅರ್ಜಿ ಹಾಕಿದಳು. ಅಷ್ಟರಲ್ಲಿ ನಿಯಮ ಬದಲಾಗಿತ್ತು. ಮ್ಯಾಟ್ರಿಕ್ ಸಾಲದು, ಕಾಲೇಜಿನಲ್ಲಿ ಎರಡು ವರ್ಷ ಓದಿ ಇಂಟರ್ ಸೈನ್ಸ್ ಆಗಿರಬೇಕು. ಕಾಲೇಜು ಇದ್ದದ್ದು ಧಾರವಾಡದಲ್ಲಿ, ಅವಳಿಗೆ ಆಗ ಮೂವತ್ತು. ವೆಂಕ್ಟ್ರಮಣ ಮಾಸ್ತರರು ಇನ್ನೂ ಒಮ್ಮೆ ನೋಡು ಅಂದರು, ರಮಾನಂದನೂ ಅಂದ. ಅವಳು ಪುಸ್ತಕಗಳನ್ನು ಮಾಸ್ತರರಿಗೇ ತಿರುಗಿ ಕೊಟ್ಟು ಬಂದಳು.

೧೯೪೫ರಲ್ಲಿ ಭಟ್ಟರು ಪೆನ್ಶನ್ ಆದರು. ಕೊನೆಯ ದಿನ ಕಪಾಟಿನ ಬೀಗದ ಕೈ ಒಪ್ಪಿಸುವ ಹೊತ್ತಿಗೆ ಅವಳು ಎಲ್ಲವನ್ನೂ ಹೇಳಿಬಿಟ್ಟಳು: ತಾಯಿಯ ಕಾಯಿಲೆ ಸುಳ್ಳು, ದಿನಚರಿ ಸುಳ್ಳು, ಐದನೆಯ ಇಯತ್ತೆಯ ಹೊಗಳಿಕೆಯೂ ತನ್ನದಲ್ಲ. ಭಟ್ಟರು ಬೀಗದ ಕೈಯನ್ನು ಮೇಜಿನ ಮೇಲೆ ಅತ್ತಿತ್ತ ಸರಿಸುತ್ತ ಕೇಳಿದರು.

"ನೀವು ರಜೆ ಹಾಕಿ ಹೋದ ವಾರವೇ ನಿಮ್ಮ ಅಣ್ಣ ನಂಗೆ ಬಂದರಿನ ಹತ್ತಿರ ಸಿಕ್ಕಿದ್ದ," ಎಂದರು. "ಅಮ್ಮಂಗೆ ಹ್ಯಾಂಗಿದೆ ಅಂತ ಕೇಳಿದೆ. ಗಟ್ಟಿಯಾಗಿದ್ದಾಳೆ, ಹಪ್ಪಳ ಒಣಗಿಸ್ತಾ ಇದ್ದಾಳೆ ಅಂದ."

"ಮತ್ತೆ ಎಂತಕೆ ಸುಮ್ಮನಿದ್ದಿರಿ?"

"ನಮ್ಮ ಶಾಲೆಯವಳು ಒಬ್ಬಳು ಡಾಕ್ಟರಾಗ್ತಾಳೆ ಅಂತ ನಂಗೂ ಆಸೆ ಇತ್ತು." ಅವರು ಕಿಟಕಿಯ ಕಡೆ ನೋಡಿದರು. "ಗಂಗಿ ಹಲಗೆ ಮುಂದೆ ನಿಲ್ಲೂದು ನಾ ನೋಡಿದ್ದೆ. ನೋಡಿ ಮುಂದೆ ಹೋದೆ. ಆ ಹುಡುಗಿ ಕೆಮ್ಮೂದೂ ಕೇಳ್ತಿತ್ತು."

ಅವರಿಗೆ ಗೊತ್ತಿತ್ತು ಎಂಬುದರಿಂದ ಸರೋಜಾಳ ನಾಚಿಕೆ ಹಂಚಿಹೋಗಲಿಲ್ಲ.

ಊರಿನಲ್ಲಿ ಮಾತ್ರ ಬೇರೆಯೇ ಕತೆ ಬೆಳೆಯಿತು. ಡಾಕ್ಟರ ಸೀಟು ಬಂದರೂ ನಮ್ಮ ಮಕ್ಕಳಿಗೋಸ್ಕರ ಬಿಟ್ಟರು ಸರೋಜಾ ಅಕ್ಕೋರು, ಎಂದು ಜನ ಹೇಳತೊಡಗಿದರು. ಹೇಳುತ್ತ ಹೇಳುತ್ತ ಅದು ದೊಡ್ಡದಾಯಿತು. ೧೯೪೮ರಲ್ಲಿ ಕುಮಟೆಯಲ್ಲಿ ಶಿಕ್ಷಕರ ಸಭೆಯೊಂದು ಸೇರಿ ಅವಳಿಗೆ ಶಾಲು ಹೊದೆಸಿತು. ಭಾಷಣ ಮಾಡಿದವರು ತ್ಯಾಗ ಎಂಬ ಶಬ್ದವನ್ನು ಮತ್ತೆ ಮತ್ತೆ ಹೇಳಿದರು. ಎರಡು ಮಾತಾಡಿ ಎಂದು ಅವಳನ್ನು ಕರೆದಾಗ ಎದ್ದು ನಿಂತಳು. ಇಂದು ಹೇಳಿಬಿಡುತ್ತೇನೆ ಎಂದೇ ಎದ್ದದ್ದು. ಮುಂದಿನ ಸಾಲಿನಲ್ಲಿ ತಿಮ್ಮಿ ಕೂತಿದ್ದಳು, ಕಣ್ಣು ತುಂಬಿಕೊಂಡು ಚಪ್ಪಾಳೆ ಹೊಡೆಯುತ್ತಿದ್ದಳು. ಸರೋಜಾ ಕೈ ಮುಗಿದು, "ನಾನು ಅಂಥದ್ದು ಏನೂ ಮಾಡಲಿಲ್ಲ" ಎಂದಷ್ಟೇ ಹೇಳಿ ಕೂತಳು. ಅದಕ್ಕೆ ಇನ್ನೂ ದೊಡ್ಡ ಚಪ್ಪಾಳೆ ಬಿತ್ತು. ಶಾಲನ್ನು ಮನೆಗೆ ಒಯ್ಯಲು ಮನಸ್ಸಾಗದೆ ಮರುದಿನ ಈರಮ್ಮನಿಗೆ ಕೊಟ್ಟಳು.

ಗಂಗಿ ಅಷ್ಟರಲ್ಲಿ ಎರಡು ಮಕ್ಕಳ ತಾಯಿ. ದಿನಾ ಬೆಳಿಗ್ಗೆ ಕಾಸರಕೋಡಿನಿಂದ ದೋಣಿಯಲ್ಲಿ ಹೊಳೆ ದಾಟಿ ಬಂದು ಹೊನ್ನಾವರದ ಮೀನುಪೇಟೆಯಲ್ಲಿ ಬುಟ್ಟಿ ಇಟ್ಟು ಕೂರುತ್ತಿದ್ದಳು. ಸರೋಜಾ ಮೀನು ತರಿಸುವುದಾದರೆ ಈರಮ್ಮನ ಕೈಯಲ್ಲಿ ತರಿಸುತ್ತಿದ್ದಳು. ತಾನೇ ಪೇಟೆಗೆ ಹೋಗಬೇಕಾದರೆ ಮೀನಿನ ಸಾಲು ತಪ್ಪಿಸಿ, ಕಂಚುಗಾರರ ಓಣಿಯಿಂದ ಸುತ್ತು ಹಾಕಿ ಹೋಗುತ್ತಿದ್ದಳು. ಆರು ವರ್ಷ ಹೀಗೇ ನಡೆಯಿತು.

೧೯೪೯ರ ಒಂದು ಬೆಳಿಗ್ಗೆ ಈರಮ್ಮನಿಗೆ ಕಾಲುನೋವು. ಸರೋಜಾ ಚೀಲ ಹಿಡಿದು ಹೊರಟಳು. ಓಣಿಯ ಬಾಯಿಗೆ ಬಂದು ನಿಂತಳು. ಎಷ್ಟು ದಿನ ಸುತ್ತುವುದು ಅನ್ನಿಸಿರಬೇಕು, ನೇರ ಮೀನಿನ ಸಾಲಿಗೇ ನಡೆದಳು.

"ಅಕ್ಕೋರೆ!" ಗಂಗಿ ದೂರದಿಂದಲೇ ಕೂಗಿದಳು. "ಬನ್ನಿ, ಬನ್ನಿ. ಎಷ್ಟ್ ಸೊರಗಿಹೋದ್ರಿ!" ಕುಳಿತುಕೊಳ್ಳಲು ತನ್ನ ಮಣೆಯನ್ನೇ ಸರಿಸಿ ಕೊಟ್ಟಳು. ಬಂಗಡೆ ಆರಿಸಿ ಆರಿಸಿ ಅವಳ ಚೀಲಕ್ಕೆ ಹಾಕಿದಳು. ಸರೋಜಾ ಮಕ್ಕಳ ವಿಷಯ ಕೇಳಿದಳು. ದೊಡ್ಡವಳಿಗೆ ಐದು ತುಂಬಿತ್ತು.

"ಶಾಲೆಗೆ ಹಾಕುವ ಹೊತ್ತಾಯಿತಲ್ಲ," ಎಂದಳು ಸರೋಜಾ. "ದೋಣಿಯಲ್ಲಿ ನಿನ್ನ ಜೊತೆಗೇ ಬರಬಹುದು. ನನ್ನ ಕಣ್ಣೆದುರಿಗೇ ಇರ್ತಾಳೆ."

ಗಂಗಿ ಮೀನಿನ ಮೇಲೆ ನೀರು ಚಿಮುಕಿಸಿದಳು.

"ನಮ್ಮ ಬದಿ ಶಾಲಿಗೇ ಹಾಕ್ದೆ ಅಕ್ಕೋರೆ. ಒಬ್ರೇ ಮಾಸ್ತರ್ರು. ದೊಡ್ಡ ಓದಿದವ್ರಲ್ಲ." ಹೇಳುವುದೋ ಬೇಡವೋ ಎಂದು ನೋಡಿ, ಹೇಳಿದಳು. "ಆದ್ರೆ ಅವ್ರು ಬೇರೆ ಎಂತದೂ ಓದೂದಿಲ್ಲ. ಪಾಠ ಮಾಡ್ತ್ರು."

ದನಿಯಲ್ಲಿ ಸಿಟ್ಟಿರಲಿಲ್ಲ, ಚುಚ್ಚಬೇಕೆಂಬುದೂ ಇರಲಿಲ್ಲ. ಒಬ್ಬ ತಾಯಿ ಯೋಚಿಸಿ ಮಾಡಿದ ಕೆಲಸ ಅದು. ಸರೋಜಾಳ ಮುಖ ಬಿಸಿಯಾಯಿತು, ಕಿವಿಯವರೆಗೆ ಏರಿತು. ಶಾಲು ಹೊದೆಸಿದ ಅಷ್ಟು ಜನರಲ್ಲಿ ಯಾರೂ ಹೇಳದ ಮಾತನ್ನು ಗಂಗಿ ಮೀನು ಮಾರುತ್ತ ಹೇಳಿದ್ದಳು.

"ಒಳ್ಳೇದು ಮಾಡಿದೆ," ಎಂದಳು.

ಏಳಬೇಕೆನಿಸಿದರೂ ಏಳಲಿಲ್ಲ. ಮಾಸ್ತರರ ಊರು ಯಾವುದು, ಮಗು ಎಷ್ಟು ಅಕ್ಷರ ಕಲಿತಿದೆ, ಲೆಕ್ಕ ಶುರುವಾಯಿತೇ ಎಂದು ಒಂದೊಂದಾಗಿ ಕೇಳುತ್ತ, ದೋಣಿಗೆ ಹೊತ್ತಾಯಿತು ಎಂದು ಗಂಗಿ ಬುಟ್ಟಿ ಎತ್ತುವವರೆಗೂ ಅಲ್ಲೇ ಕೂತಿದ್ದಳು.